ಸಿಸಿಎನ್‌ಎ ತಯಾರಿ: ಕಟ್ಟಿದ ಲ್ಯಾಬನ್ನು ಕೆಡಿಸಿ ನೋಡಿ

(ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯದಲ್ಲಿ ಬಿಡಿಸಿದೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವಂತೆಯೇ ಬರೆದಿದೆ.)

ಎಲ್ಲರಿಗೂ ನಮಸ್ಕಾರ.

ನೆಟ್‌ವರ್ಕಿಂಗ್ ಕೆಲಸಕ್ಕೆ ಹೋಗಬೇಕು ಅನ್ನುವವರ ಕಿವಿಗೆ ಮೂರು ಪರೀಕ್ಷೆಗಳ ಹೆಸರು ಬಿದ್ದಿರುತ್ತದೆ: ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೊ ಕಂಪನಿಯ ಸಿಸಿಎಸ್‌ಟಿ, ಕಾಂಪ್‌ಟಿಯಾ ಎಂಬ ಸಂಸ್ಥೆಯ ನೆಟ್‌ವರ್ಕ್ ಪ್ಲಸ್, ಸಿಸ್ಕೊದ್ದೇ ಸಿಸಿಎನ್‌ಎ. ಮೊದಲನೆಯದು 50 ನಿಮಿಷದ, ಪರಿಚಯದ ಮಟ್ಟದ ಪರೀಕ್ಷೆ. ಎರಡನೆಯದು ಯಾವ ಕಂಪನಿಯ ಉಪಕರಣಕ್ಕೂ ಅಂಟಿಕೊಳ್ಳದೆ ಪರಿಕಲ್ಪನೆ ಕೇಳುತ್ತದೆ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಮೂರನೆಯದು ಕಷ್ಟದ್ದು, ಆದರೆ ರೂಟರ್ ಮುಂದೆ ಕೂತಾಗ ಕೈ ನಡುಗದಂತೆ ಮಾಡುವುದೂ ಅದೇ. ಇಂದಿನ ಮಾತು ಸಿಸಿಎನ್‌ಎ ಕುರಿತು ಮಾತ್ರ.

ಪರೀಕ್ಷೆಯ ಸಂಖ್ಯೆ 200-301. 2020ರ ಫೆಬ್ರವರಿ 24ರಂದು ಬಂತು. ಅದಕ್ಕೂ ಮೊದಲು ಇದ್ದ ಬೇರೆ ಬೇರೆ ಸಿಸಿಎನ್‌ಎಗಳಲ್ಲಿ ಹೆಚ್ಚಿನವನ್ನು ಸೇರಿಸಿ ಒಂದು ಮಾಡಿದರು. 2024ರ ಆಗಸ್ಟ್ 20ರಿಂದ ವಿಷಯಪಟ್ಟಿಯ 1.1 ಆವೃತ್ತಿ ಜಾರಿಯಲ್ಲಿದೆ. ಬುಕ್ ಮಾಡುವ ಮೊದಲು ಸಿಸ್ಕೊ ತಾಣದಲ್ಲಿ ಆವೃತ್ತಿ ಯಾವುದೆಂದು ಒಮ್ಮೆ ನೋಡಿಕೊಳ್ಳಿ, ಯಾಕೆಂದರೆ ಹಳೆಯ ಪುಸ್ತಕ, ಹಳೆಯ ವಿಡಿಯೊಗಳು ಇನ್ನೂ ಓಡಾಡುತ್ತಿವೆ. ಅವುಗಳಲ್ಲಿ ಪಪೆಟ್, ಶೆಫ್ ಎಂಬ ಆಟೊಮೇಶನ್ ಸಾಧನಗಳು ಇರುತ್ತವೆ, 1.1ರಲ್ಲಿ ಅವು ಹೋಗಿ ಆನ್ಸಿಬಲ್ ಜೊತೆಗೆ ಟೆರಾಫಾರ್ಮ್ ಬಂದಿದೆ. ಕೃತಕ ಬುದ್ಧಿಮತ್ತೆಯ ಮೇಲೆ ಒಂದು ಸಣ್ಣ ಅಂಶ ಸೇರಿದೆ. ಸ್ವಿಚ್‌ಗಳ ನಡುವೆ ಸುತ್ತುದಾರಿ (ಲೂಪ್) ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯಲ್ಲಿ ರೂಟ್ ಗಾರ್ಡ್, ಲೂಪ್ ಗಾರ್ಡ್, ಬಿಪಿಡಿಯು ಗಾರ್ಡ್, ಬಿಪಿಡಿಯು ಫಿಲ್ಟರ್‌ಗಳನ್ನು ಹೆಸರಿಟ್ಟು ಸೇರಿಸಿದ್ದಾರೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಹಳೆಯದೇ.

ಅವಧಿ 120 ನಿಮಿಷ. ಶುಲ್ಕ 300 ಡಾಲರ್, ಅದರ ಮೇಲೆ ತೆರಿಗೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ದಾಟುವ ಬಾಬ್ತು. ಆರು ಭಾಗಗಳಿವೆ: ನೆಟ್‌ವರ್ಕ್ ಮೂಲತತ್ವ ಶೇ. 20, ಸ್ವಿಚಿಂಗ್ ಮತ್ತು ವೈರ್‌ಲೆಸ್ ಇರುವ ನೆಟ್‌ವರ್ಕ್ ಆಕ್ಸೆಸ್ ಶೇ. 20, ರೂಟಿಂಗ್ ಶೇ. 25, ಐಪಿ ಸೇವೆಗಳು ಶೇ. 10, ಭದ್ರತೆ ಶೇ. 15, ಆಟೊಮೇಶನ್ ಶೇ. 10. ಮೊದಲ ಮೂರು ಸೇರಿದರೆ ಶೇ. 65. ಅವು ಗಟ್ಟಿಯಾಗದೆ ಉಳಿದವುಗಳಲ್ಲಿ ಎಷ್ಟು ಓದಿದರೂ ಪ್ರಯೋಜನವಿಲ್ಲ. ಎಷ್ಟು ಅಂಕಕ್ಕೆ ಪಾಸ್ ಎಂದು ಸಿಸ್ಕೊ ಪ್ರಕಟಿಸುವುದಿಲ್ಲ. ಯಾರಾದರೂ ಇಷ್ಟೇ ಅಂತ ಖಚಿತವಾಗಿ ಹೇಳಿದರೆ ಅದು ಊಹೆ.

ಬಹು ಆಯ್ಕೆ, ಎಳೆದು ಹೊಂದಿಸುವುದು, ಲ್ಯಾಬ್, ಹೀಗೆ ಮೂರು ಬಗೆಯ ಪ್ರಶ್ನೆ ಬರುತ್ತವೆ. ಒಂದು ಪ್ರಶ್ನೆ ಮುಗಿಸಿ ಮುಂದಕ್ಕೆ ಹೋದರೆ ಮತ್ತೆ ಹಿಂದಕ್ಕೆ ಬರುವಂತಿಲ್ಲ. ಈ ಒಂದು ನಿಯಮದಿಂದಾಗಿ ಓದುವ ಕ್ರಮವೇ ಬದಲಾಗಬೇಕು. ಕೊನೆಯಲ್ಲಿ ನೋಡಿಕೊಳ್ಳೋಣ ಅನ್ನುವ ನಮ್ಮ ಸೆಮಿಸ್ಟರ್ ಪರೀಕ್ಷೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಹೆಚ್ಚಿನವರು ಲ್ಯಾಬ್, ಅಂದರೆ ಅಭ್ಯಾಸದ ಚಿಕ್ಕ ನೆಟ್‌ವರ್ಕ್, ಕಟ್ಟುತ್ತಾರೆ, ಪಿಂಗ್ (ಎದುರಿನ ಯಂತ್ರ ಸಿಗುತ್ತದೆಯೇ ಎಂಬ ಪರೀಕ್ಷೆ) ಹೋಯಿತು ಅಂತ ಖುಷಿಪಟ್ಟು ಮುಚ್ಚುತ್ತಾರೆ. ಪರೀಕ್ಷೆ ಕೇಳುವುದು ಪಿಂಗ್ ಹೋಗದಿದ್ದಾಗ ಏನು ಅಂತ. ಒಂದು ಔಟ್‌ಪುಟ್ ಕೊಟ್ಟು, ಯಾಕೆ ಹೀಗಿದೆ, ಮುಂದೆ ಏನಾಗುತ್ತದೆ ಅಂತ ಕೇಳುತ್ತಾರೆ. ಕೆಟ್ಟ ನೆಟ್‌ವರ್ಕ್ ಪರದೆಯ ಮೇಲೆ ಹೇಗೆ ಕಾಣುತ್ತದೆ ಅನ್ನುವುದು ಕಣ್ಣಿಗೆ ಪರಿಚಯವಿಲ್ಲದಿದ್ದರೆ ಕಮಾಂಡ್ ಬಾಯಿಪಾಠದಿಂದ ಉತ್ತರ ಹೊಳೆಯುವುದಿಲ್ಲ. ಆದ್ದರಿಂದ ಪ್ರತಿ ಲ್ಯಾಬನ್ನೂ ಕಟ್ಟಿ ಮುಗಿಸಿದ ಮೇಲೆ ಒಂದೊಂದೇ ಕಡೆ ಕೆಡಿಸಿ, ಉಪಕರಣದ ಸ್ಥಿತಿ ತೋರಿಸುವ ಯಾವ ‘ಶೋ’ ಕಮಾಂಡ್‌ನಲ್ಲಿ ಯಾವ ಅಕ್ಷರ ಬದಲಾಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ.

ಸಬ್‌ನೆಟ್: ಮೂವತ್ತು ಸೆಕೆಂಡಿನ ಲೆಕ್ಕ

ಮೊದಲ ಎರಡು ಮೂರು ವಾರ ಇದಕ್ಕೇ ಮೀಸಲಿಡಿ. ಸಬ್‌ನೆಟ್ (ದೊಡ್ಡ ನೆಟ್‌ವರ್ಕಿನ ಚಿಕ್ಕ ಭಾಗ) ನೇರವಾಗಿ ಕೇಳುವ ಪ್ರಶ್ನೆಗಿಂತ, ರೂಟಿಂಗ್, ಎಸಿಎಲ್ (ಟ್ರಾಫಿಕ್ ಬಿಡುವ, ತಡೆಯುವ ಪಟ್ಟಿ), ಒಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್) ಪ್ರಶ್ನೆಯೊಳಗೆ ಅಡಗಿ ಕೂರುವುದೇ ಹೆಚ್ಚು.

ಬೈನರಿ ಗೊತ್ತಿರಲೇಬೇಕು, ಆದರೆ ಪರೀಕ್ಷೆಯಲ್ಲಿ ಬೈನರಿ ಬರೆಯುತ್ತ ಕೂರುವಂತಿಲ್ಲ. ಬ್ಲಾಕ್ ಗಾತ್ರದ ದಾರಿ ಹಿಡಿಯಿರಿ. 172.16.45.14/20 ತೆಗೆದುಕೊಳ್ಳಿ. /20 ಅಂದರೆ ಮೊದಲ 20 ಬಿಟ್ ನೆಟ್‌ವರ್ಕಿನದು. 20ನೆಯ ಬಿಟ್ ಬೀಳುವುದು ಮೂರನೆಯ ಆಕ್ಟೆಟ್‌ನಲ್ಲಿ (ಚುಕ್ಕೆಗಳಿಂದ ಬೇರ್ಪಟ್ಟ ಮೂರನೆಯ ಸಂಖ್ಯೆಯಲ್ಲಿ), ಮಾಸ್ಕ್ 255.255.240.0. 256ರಲ್ಲಿ 240 ಕಳೆದರೆ 16, ಇದೇ ಬ್ಲಾಕ್. ಮೂರನೆಯ ಆಕ್ಟೆಟ್‌ನಲ್ಲಿ 0, 16, 32, 48 ಅಂತ ಹೋಗಿ. 45 ಇರುವುದು 32 ಮತ್ತು 48ರ ನಡುವೆ. ಹಾಗಾಗಿ ನೆಟ್‌ವರ್ಕ್ 172.16.32.0, ಬ್ರಾಡ್‌ಕಾಸ್ಟ್ 172.16.47.255, ಬಳಸಬಹುದಾದ ವಿಳಾಸಗಳು 4094. ಒಎಸ್‌ಪಿಎಫ್‌ಗೆ ಬೇಕಾದ ವೈಲ್ಡ್‌ಕಾರ್ಡ್ ಮಾಸ್ಕ್ (ಮಾಸ್ಕ್‌ನ ತಲೆಕೆಳಗು ರೂಪ) 0.0.15.255. ಹೆಚ್ಚಿನವರು ಎಡವುವುದು ಕಳೆಯುವ ಲೆಕ್ಕದಲ್ಲಲ್ಲ, 16ರ ಹೆಜ್ಜೆಯನ್ನು ನಾಲ್ಕನೆಯ ಆಕ್ಟೆಟ್‌ನಲ್ಲಿ ಹಾಕುವುದರಲ್ಲಿ. ಮೊದಲು ಆಕ್ಟೆಟ್‌ಗೆ ಗೆರೆ ಎಳೆಯಿರಿ, ಆಮೇಲೆ ಲೆಕ್ಕ ಮಾಡಿ.

ಇನ್ನೊಂದು: 192.168.10.95/27 ಅನ್ನು ರೂಟರ್ ಪೋರ್ಟ್‌ಗೆ ಕೊಡಲು ಹೋಗಿ. ಬ್ಲಾಕ್ 32, ನೆಟ್‌ವರ್ಕ್ 64, ಮುಂದಿನದು 96, ಹಾಗಾಗಿ 95 ಬ್ರಾಡ್‌ಕಾಸ್ಟ್. ರೂಟರ್ ‘ಬ್ಯಾಡ್ ಮಾಸ್ಕ್’ ಅಂತ ಬೈಯುತ್ತದೆ. ತಪ್ಪಿರುವುದು ವಿಳಾಸದಲ್ಲಿ, ಬೈಗುಳ ಮಾಸ್ಕ್‌ಗೆ. ಇದನ್ನು ಒಮ್ಮೆ ಕಣ್ಣಾರೆ ನೋಡಿಡಿ.

ವಿಎಲ್‌ಎಸ್‌ಎಂ (ಬೇರೆ ಬೇರೆ ಗಾತ್ರದ ಸಬ್‌ನೆಟ್‌ಗಳಾಗಿ ಹಂಚುವುದು) ಬಂದಾಗ ದೊಡ್ಡದರಿಂದ ಶುರುಮಾಡಿ. ಗೋಣಿಚೀಲ ತುಂಬುವಾಗ ತೆಂಗಿನಕಾಯಿ ಮೊದಲು, ಅಡಿಕೆ ಆಮೇಲೆ. 192.168.10.0/24ರಲ್ಲಿ 100, 50, 20 ಹೋಸ್ಟ್‌ಗಳ ಮೂರು ವಿಭಾಗ, ಜೊತೆಗೆ ಎರಡು ರೂಟರ್ ನಡುವಿನ ಒಂದು ಲಿಂಕ್ ಬೇಕು ಅನ್ನಿ. 100ಕ್ಕೆ /25, ಅಂದರೆ 0ರಿಂದ 127. 50ಕ್ಕೆ /26, 128ರಿಂದ 191. 20ಕ್ಕೆ /27, 192ರಿಂದ 223. ಲಿಂಕ್‌ಗೆ /30, 224ರಿಂದ 227. ಲಿಂಕನ್ನು ಮೊದಲು 0ಯಲ್ಲಿಟ್ಟವರು ಮುಂದಿನ /25 ಅನ್ನು 4ರಿಂದ ಶುರುಮಾಡಲು ನೋಡುತ್ತಾರೆ. /25 ಶುರುವಾಗುವುದು 0 ಅಥವಾ 128ರಲ್ಲಿ ಮಾತ್ರ.

ದಿನಕ್ಕೆ ಇಪ್ಪತ್ತು ಲೆಕ್ಕ, ಗಡಿಯಾರ ಇಟ್ಟುಕೊಂಡು ಮಾಡಿ. ಒಂದಕ್ಕೆ ಮೂವತ್ತು ಸೆಕೆಂಡಿಗೆ ಇಳಿಯುವವರೆಗೆ ಬಿಡಬೇಡಿ. ಐಪಿವಿ6ನಲ್ಲಿ ಇಷ್ಟು ಕಷ್ಟವಿಲ್ಲ: ಲಿಂಕ್ ಲೋಕಲ್ ಎಫ್‌ಇ80ರಿಂದ, ಗ್ಲೋಬಲ್ 2 ಅಥವಾ 3ರಿಂದ, ಯೂನಿಕ್ ಲೋಕಲ್ ಎಫ್‌ಸಿ ಅಥವಾ ಎಫ್‌ಡಿಯಿಂದ ಶುರುವಾಗುತ್ತದೆ. ಮ್ಯಾಕ್ (ಹಾರ್ಡ್‌ವೇರ್) ವಿಳಾಸದಿಂದ ಐಪಿವಿ6 ವಿಳಾಸ ಮಾಡುವ ಇಯುಐ-64ರಲ್ಲಿ ಆ ಮ್ಯಾಕ್ ವಿಳಾಸದ ನಡುವೆ ಎಫ್‌ಎಫ್‌ಎಫ್‌ಇ ತೂರಿಸಿ, ಏಳನೆಯ ಬಿಟ್ ತಿರುಗಿಸಬೇಕು. ಆ ಬಿಟ್ ತಿರುಗಿಸುವುದನ್ನೇ ಜನ ಮರೆಯುವುದು.

ಸ್ವಿಚ್‌ನಲ್ಲಿ ಏನೇನು ಕೆಡಿಸಬಹುದು

ಅಭ್ಯಾಸಕ್ಕೆ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಸಾಕು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಉಚಿತ. ಅದು ನಿಜವಾದ ಐಒಎಸ್ (ಸಿಸ್ಕೊ ಉಪಕರಣಗಳ ಆಪರೇಟಿಂಗ್ ಸಿಸ್ಟಂ) ಅಲ್ಲ, ಅನುಕರಣೆ. ಕೆಲವು ಕಮಾಂಡ್ ಇರುವುದಿಲ್ಲ. ಸಿಸಿಎನ್‌ಎ ಮಟ್ಟಕ್ಕೆ ಆ ಕೊರತೆ ಅಷ್ಟೇನೂ ಕಾಡುವುದಿಲ್ಲ.

2960 ಸ್ವಿಚ್ ಮೂರನ್ನು ಸಾಲಾಗಿ ಜೋಡಿಸಿ. ಏನೂ ಕಾನ್ಫಿಗರ್ ಮಾಡದಿದ್ದರೆ ಪೋರ್ಟ್‌ಗಳು ಡೈನಮಿಕ್ ಆಟೊದಲ್ಲಿರುತ್ತವೆ. ಎರಡೂ ಕಡೆ ಆಟೊ ಇದ್ದರೆ, ನೀನು ಕರೆದರೆ ಬರುತ್ತೇನೆ ಅಂತ ಇಬ್ಬರೂ ಕಾಯುತ್ತ ಕೂರುತ್ತಾರೆ. ಟ್ರಂಕ್, ಅಂದರೆ ಹಲವು ವಿಲ್ಯಾನ್‌ಗಳನ್ನು (ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್‌ಗಳನ್ನು) ಒಟ್ಟಿಗೆ ಸಾಗಿಸುವ ಕೊಂಡಿ, ಆಗುವುದೇ ಇಲ್ಲ. ಒಂದು ಕಡೆ ಡಿಸೈರಬಲ್ ಅಥವಾ ಟ್ರಂಕ್ ಅಂದರೆ ಆಗುತ್ತದೆ. ಹಲವು ಕೇಬಲ್‌ಗಳನ್ನು ಒಂದೇ ಕೊಂಡಿಯಾಗಿ ಕಟ್ಟುವ ಎಲ್‌ಎಸಿಪಿಯಲ್ಲೂ ಇದೇ ಕಥೆ: ಪ್ಯಾಸಿವ್-ಪ್ಯಾಸಿವ್ ಆಗದು, ಒಂದಾದರೂ ಆಕ್ಟಿವ್ ಬೇಕು. ಅದೇ ಕೆಲಸ ಮಾಡುವ ಸಿಸ್ಕೊದ ಪಿಎಜಿಪಿಯಲ್ಲಿ ಆಟೊ-ಆಟೊ ಆಗದು. ‘ಆನ್’ ಅನ್ನುವುದು ಯಾರ ಜೊತೆಗೂ ಮಾತಾಡುವುದಿಲ್ಲ, ಎದುರಿಗೂ ‘ಆನ್’ ಇದ್ದರೆ ಮಾತ್ರ ಕೂಡುತ್ತದೆ. ಇವು ಮೂರನ್ನೂ ಒಟ್ಟಿಗೆ ಕಲಿತರೆ ಗೊಂದಲವಿಲ್ಲ.

ಈಗ ಟ್ರಂಕ್‌ಗಳನ್ನು ಸರಿಮಾಡಿ, ಮೊದಲ ಮತ್ತು ಮೂರನೆಯ ಸ್ವಿಚ್‌ನಲ್ಲಿ ಮಾತ್ರ ವಿಲ್ಯಾನ್ 30 ಸೃಷ್ಟಿಸಿ. ನಡುವಿನ ಸ್ವಿಚ್‌ನಲ್ಲಿ ಬೇಡ. ಪಿಂಗ್ ಹೋಗುವುದಿಲ್ಲ. ನಡುವಿನ ಸ್ವಿಚ್‌ನಲ್ಲಿ ‘ಶೋ ಇಂಟರ್‌ಫೇಸಸ್ ಟ್ರಂಕ್’ ಕೊಡಿ. ನಾಲ್ಕು ಭಾಗದ ಔಟ್‌ಪುಟ್ ಬರುತ್ತದೆ, ಜನ ಮೊದಲ ಭಾಗ ನೋಡಿ, ಟ್ರಂಕಿಂಗ್ ಅಂತಿದೆಯಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ಎರಡನೆಯ ಭಾಗ, ಈ ಟ್ರಂಕ್‌ನಲ್ಲಿ ಯಾವ ವಿಲ್ಯಾನ್‌ಗೆ ಅನುಮತಿ ಇದೆ ಅನ್ನುವುದು. ಅಲ್ಲಿ 30 ಇರುತ್ತದೆ. ಮೂರನೆಯದು, ಅನುಮತಿ ಇದ್ದು ಈ ಸ್ವಿಚ್‌ನಲ್ಲಿ ಜೀವಂತವೂ ಇರುವ ವಿಲ್ಯಾನ್. ಅಲ್ಲಿ 30 ಇಲ್ಲ. ಸಿಕ್ಕಿತು ಕಾರಣ. ನಾಲ್ಕನೆಯದು ಸ್ಪ್ಯಾನಿಂಗ್ ಟ್ರೀ ಫಾರ್ವರ್ಡ್ ಮಾಡುತ್ತಿರುವ ವಿಲ್ಯಾನ್‌ಗಳು. ಮೂರರಲ್ಲಿದ್ದು ನಾಲ್ಕರಲ್ಲಿ ಇಲ್ಲದಿದ್ದರೆ ಆ ಪೋರ್ಟನ್ನು ಸ್ಪ್ಯಾನಿಂಗ್ ಟ್ರೀ ತಡೆದಿದೆ ಅಥವಾ ವಿಟಿಪಿ (ಸ್ವಿಚ್‌ಗಳ ನಡುವೆ ವಿಲ್ಯಾನ್ ಪಟ್ಟಿ ಹಂಚುವ ಪ್ರೋಟೋಕಾಲ್) ಕತ್ತರಿಸಿದೆ ಅಂತ ಅರ್ಥ. ಈ ಒಂದು ಕಮಾಂಡನ್ನು ಮೇಲಿಂದ ಕೆಳಗೆ ಓದಲು ಬಂದರೆ ಸ್ವಿಚಿಂಗ್‌ನ ಅರ್ಧ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ.

ಮುಂದಿನ ಕೆಡುಕು, ನಿಜವಾದ ಕೆಲಸದಲ್ಲಿಯೂ ಕುಖ್ಯಾತವಾದದ್ದು. ಟ್ರಂಕ್‌ನಲ್ಲಿ 10, 20ಕ್ಕೆ ಅನುಮತಿ ಇದೆ. 30 ಸೇರಿಸಬೇಕು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 30’ ಅಂತ ಹೊಡೆದಿರೋ, 10 ಮತ್ತು 20 ಅಳಿಸಿಹೋದವು. ನಡುವೆ ‘ಆ್ಯಡ್’ ಅನ್ನುವ ಪದ ಇರಲೇಬೇಕು. ರಿಮೋಟ್‌ನಿಂದ ಹೀಗೆ ಮಾಡಿದವರು ಆ ಸ್ವಿಚ್‌ನ ಮ್ಯಾನೇಜ್‌ಮೆಂಟ್ ವಿಲ್ಯಾನನ್ನೇ ಕಳೆದುಕೊಂಡು, ಕನ್ಸೋಲ್ ಕೇಬಲ್ ಹಿಡಿದು ಓಡಬೇಕಾಗುತ್ತದೆ.

ಸ್ಪ್ಯಾನಿಂಗ್ ಟ್ರೀಯಲ್ಲಿ ರೂಟ್ (ಮುಖ್ಯ ಸ್ವಿಚ್) ಯಾರು ಅನ್ನುವುದರಿಂದ ಶುರುಮಾಡಿ. ಪ್ರಯಾರಿಟಿ ಎಲ್ಲರಿಗೂ 32768, ಅದಕ್ಕೆ ವಿಲ್ಯಾನ್ ಸಂಖ್ಯೆ ಕೂಡುತ್ತದೆ. ವಿಲ್ಯಾನ್ 10ರಲ್ಲಿ 32778 ಕಾಣುವುದು ಅದಕ್ಕೇ. ಎಲ್ಲರದೂ ಸಮ ಇದ್ದಾಗ ಚಿಕ್ಕ ಮ್ಯಾಕ್ ಗೆಲ್ಲುತ್ತದೆ. ಅಂದರೆ ಮೂಲೆಯಲ್ಲಿರುವ ಹಳೆಯ ಸ್ವಿಚ್ಚೇ ರೂಟ್ ಆಗಿಬಿಡಬಹುದು. ಬದಲಿಸುವುದಾದರೆ 4096ರ ಹೆಜ್ಜೆಯಲ್ಲಿ ಮಾತ್ರ. ಪೋರ್ಟ್ ಕಾಸ್ಟ್: 100 ಎಂಬಿಪಿಎಸ್‌ಗೆ 19, 1 ಗಿಗಾಗೆ 4, 10 ಗಿಗಾಗೆ 2. ಪೋರ್ಟ್‌ಫಾಸ್ಟ್ (ಪೋರ್ಟನ್ನು ಕಾಯಿಸದೆ ತೆರೆಯುವುದು), ಬಿಪಿಡಿಯು ಗಾರ್ಡ್ (ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಪೋರ್ಟ್ ಮುಚ್ಚುವುದು) ಹಾಕಿದ ಪೋರ್ಟ್‌ಗೆ ಬೇಕೆಂದೇ ಇನ್ನೊಂದು ಸ್ವಿಚ್ ಚುಚ್ಚಿ ನೋಡಿ: ಎರ್-ಡಿಸೇಬಲ್ಡ್ ಆಗುತ್ತದೆ. ಕೇಬಲ್ ಕಿತ್ತರೆ ತಾನಾಗಿ ಸರಿಹೋಗುವುದಿಲ್ಲ. ‘ಶಟ್‌ಡೌನ್’, ಮತ್ತೆ ‘ನೋ ಶಟ್‌ಡೌನ್’ ಕೊಡಬೇಕು. ಪೋರ್ಟ್ ಸೆಕ್ಯುರಿಟಿಯಲ್ಲೂ ಹೀಗೇ, ಯಾಕೆಂದರೆ ಅಲ್ಲಿ ಏನೂ ಹೇಳದಿದ್ದರೆ ದಂಡನೆ ‘ಶಟ್‌ಡೌನ್’. ‘ರಿಸ್ಟ್ರಿಕ್ಟ್’ ಪ್ಯಾಕೆಟ್ ಎಸೆದು ಲೆಕ್ಕ ಇಡುತ್ತದೆ, ‘ಪ್ರೊಟೆಕ್ಟ್’ ಸದ್ದಿಲ್ಲದೆ ಎಸೆಯುತ್ತದೆ.

ವಿಲ್ಯಾನ್‌ಗಳ ನಡುವೆ ಮಾತು ನಡೆಯಲು ರೂಟರ್ ಆನ್ ಎ ಸ್ಟಿಕ್ (ಒಂದೇ ರೂಟರ್ ಪೋರ್ಟನ್ನು ಸಬ್‌ಇಂಟರ್‌ಫೇಸ್‌ಗಳಾಗಿ ಹಂಚುವುದು) ಮಾಡುವಾಗ ಕ್ರಮ ಮುಖ್ಯ. ಸಬ್‌ಇಂಟರ್‌ಫೇಸ್‌ನಲ್ಲಿ ಮೊದಲು ‘ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ 10’, ಆಮೇಲೆ ಐಪಿ ವಿಳಾಸ. ತಿರುಗುಮುರುಗಾದರೆ ರೂಟರ್ ಒಪ್ಪುವುದಿಲ್ಲ. ಸಬ್‌ಇಂಟರ್‌ಫೇಸ್ ಸಂಖ್ಯೆ ಮತ್ತು ವಿಲ್ಯಾನ್ ಸಂಖ್ಯೆ ಒಂದೇ ಇರಬೇಕೆಂಬ ನಿಯಮವಿಲ್ಲ, ಇದ್ದರೆ ಓದಲು ಸುಲಭ ಅಷ್ಟೇ. ‘ನೋ ಶಟ್‌ಡೌನ್’ ಕೊಡಬೇಕಾದದ್ದು ಮೂಲ ಪೋರ್ಟ್‌ಗೆ.

ರೂಟಿಂಗ್

ಶೇ. 25 ಇಲ್ಲಿದೆ. ಎಲ್ಲಕ್ಕಿಂತ ಮೊದಲು ‘ಶೋ ಐಪಿ ರೂಟ್’ ಓದುವುದನ್ನು ಕಲಿಯಿರಿ.

ಒಂದು ಟೇಬಲ್‌ನಲ್ಲಿ ಮೂರು ಸಾಲು ಇವೆ ಅನ್ನಿ: 10.1.0.0/16 ಒಎಸ್‌ಪಿಎಫ್‌ನಿಂದ, 10.1.1.0/24 ರಿಪ್ ಎಂಬ ಇನ್ನೊಂದು ಪ್ರೋಟೋಕಾಲ್‌ನಿಂದ, 10.1.1.0/25 ಸ್ಟ್ಯಾಟಿಕ್ (ಕೈಯಾರೆ ಬರೆದದ್ದು). 10.1.1.200ಕ್ಕೆ ಹೋಗುವ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ? ಸ್ಟ್ಯಾಟಿಕ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟನ್ಸ್ (ದಾರಿ ತಿಳಿಸಿದ ಮೂಲದ ಮೇಲಿನ ನಂಬಿಕೆಯ ಅಂಕ, ಚಿಕ್ಕದಾದಷ್ಟೂ ಒಳ್ಳೆಯದು) 1, ಹಾಗಾಗಿ ಅದೇ ಅನ್ನುವವರು ಬಹಳ. ಆದರೆ ಆ /25 ಮುಗಿಯುವುದು 127ಕ್ಕೆ, 200 ಅದರೊಳಗೆ ಇಲ್ಲ. ಉಳಿದದ್ದು ಒಎಸ್‌ಪಿಎಫ್ 110, ರಿಪ್ 120. ಚಿಕ್ಕದು ಒಎಸ್‌ಪಿಎಫ್ ಅನ್ನುವವರು ಮತ್ತೆ ಕೆಲವರು. ಅದೂ ತಪ್ಪು. ಪ್ಯಾಕೆಟ್ ರಿಪ್ ದಾರಿಯಲ್ಲಿ ಹೋಗುತ್ತದೆ, ಯಾಕೆಂದರೆ /24 ಎಂಬುದು /16ಗಿಂತ ಉದ್ದದ ಪ್ರಿಫಿಕ್ಸ್. ಹೊಂದುವ ಸಾಲುಗಳಲ್ಲಿ ಉದ್ದದ್ದು ಯಾವುದು ಅನ್ನುವುದೇ ಪ್ಯಾಕೆಟ್ ಸಾಗಿಸುವಾಗಿನ ತೀರ್ಮಾನ. ಡಿಸ್ಟನ್ಸ್, ಮೆಟ್ರಿಕ್ (ದಾರಿಯ ವೆಚ್ಚ) ಎರಡೂ ಕೆಲಸಕ್ಕೆ ಬರುವುದು ಅದಕ್ಕೂ ಮುಂಚೆ, ಒಂದೇ ನೆಟ್‌ವರ್ಕ್ ಅದೇ ಪ್ರಿಫಿಕ್ಸ್‌ನೊಂದಿಗೆ ಎರಡು ಕಡೆಯಿಂದ ಬಂದಾಗ ಟೇಬಲ್‌ಗೆ ಯಾವುದನ್ನು ಹಾಕಬೇಕು ಅನ್ನುವಲ್ಲಿ. ಈ ಎರಡು ಹಂತ ಬೆರೆಸಿಕೊಂಡವರಿಗೆ ರೂಟಿಂಗ್ ಪ್ರಶ್ನೆಗಳೆಲ್ಲ ಲಾಟರಿ.

ನೆನಪಿಡಬೇಕಾದ ಡಿಸ್ಟನ್ಸ್‌ಗಳು: ನೇರ ಜೋಡಣೆ 0, ಸ್ಟ್ಯಾಟಿಕ್ 1, ಹೊರಗಿನ ಬಿಜಿಪಿ 20, ಇಐಜಿಆರ್‌ಪಿ 90, ಒಎಸ್‌ಪಿಎಫ್ 110, ರಿಪ್ 120, ಒಳಗಿನ ಬಿಜಿಪಿ 200. ಚೌಕ ಆವರಣದಲ್ಲಿ 110/2 ಅಂತಿದ್ದರೆ ಮೊದಲನೆಯದು ಡಿಸ್ಟನ್ಸ್, ಎರಡನೆಯದು ಮೆಟ್ರಿಕ್. ಒಎಸ್‌ಪಿಎಫ್‌ಗೆ ಬದಲಿ ದಾರಿಯಾಗಿ ಫ್ಲೋಟಿಂಗ್ ಸ್ಟ್ಯಾಟಿಕ್ ಇಡುವುದಾದರೆ ಅದರ ಡಿಸ್ಟನ್ಸ್ 110ಕ್ಕಿಂತ ಹೆಚ್ಚಿರಬೇಕು.

ಒಎಸ್‌ಪಿಎಫ್‌ನಲ್ಲಿ ಎರಡು ರೂಟರ್ ನೆರೆಹೊರೆ ಆಗಬೇಕಾದರೆ ಏರಿಯಾ, ಸಬ್‌ನೆಟ್ ಮತ್ತು ಮಾಸ್ಕ್, ಹೆಲೊ ಮತ್ತು ಡೆಡ್ ಟೈಮರ್ (ಹೆಲೊ ಸಂದೇಶ ಕಳಿಸುವ, ಬಾರದಿದ್ದರೆ ಕಾಯುವ ಅವಧಿ), ಅಥೆಂಟಿಕೇಶನ್ ಹೊಂದಬೇಕು. ರೂಟರ್ ಐಡಿ ಮಾತ್ರ ಬೇರೆಬೇರೆ ಇರಬೇಕು. ಪ್ರಾಸೆಸ್ ಸಂಖ್ಯೆ ಹೊಂದಬೇಕಿಲ್ಲ. ಪ್ರಶ್ನೆ ಮಾಡುವವರಿಗೆ ಈ ಕೊನೆಯ ಅಂಶ ಬಹಳ ಇಷ್ಟ. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಬೇರೆಯಾದರೆ ನೆರೆಹೊರೆ ಅರ್ಧದಾರಿಗೆ ಬಂದು ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಟು-ವೇ ಅಂತ ಕಂಡರೆ ಗಾಬರಿ ಬೇಡ: ಡಿಆರ್ ಅಥವಾ ಬಿಡಿಆರ್ (ಆ ನೆಟ್‌ವರ್ಕಿನ ಮುಖ್ಯ, ಬದಲಿ ರೂಟರ್) ಅಲ್ಲದ ಇಬ್ಬರ ನಡುವೆ ಅದೇ ಸರಿಯಾದ ಸ್ಥಿತಿ.

ಕೆಡಿಸಿ ನೋಡಿ. ಒಂದು ಕಡೆ ಹೆಲೊ ಟೈಮರನ್ನು 10ರಿಂದ 5ಕ್ಕೆ ಇಳಿಸಿ. ತಕ್ಷಣ ಏನೂ ಆಗುವುದಿಲ್ಲ. ಡೆಡ್ ಟೈಮರ್ ಮುಗಿಯುವವರೆಗೆ ನೆರೆಹೊರೆ ಇದ್ದಂತೆಯೇ ಕಾಣುತ್ತದೆ, ಆಮೇಲೆ ಬೀಳುತ್ತದೆ. ಕಾಯದೆ, ಸರಿಯಾಗೇ ಇದೆಯಲ್ಲ ಅಂತ ಲ್ಯಾಬ್ ಮುಚ್ಚಿದವರಿಗೆ ಪಾಠ ತಪ್ಪಿಹೋಯಿತು. ಇನ್ನೊಂದು: ಎರಡು ರೂಟರ್ ನಡುವಿನ ಪೋರ್ಟನ್ನು ಪ್ಯಾಸಿವ್ ಮಾಡಿ. ಆ ನೆಟ್‌ವರ್ಕ್ ಜಾಹೀರಾಗುತ್ತಲೇ ಇರುತ್ತದೆ, ಹೆಲೊ ಮಾತ್ರ ಹೊರಡುವುದಿಲ್ಲ, ನೆರೆಹೊರೆ ಹೋಯಿತು. ಮತ್ತೊಂದು: ರೂಟರ್ ಐಡಿ ಬದಲಿಸಿ. ಶೋ ಕಮಾಂಡ್‌ನಲ್ಲಿ ಹಳೆಯದೇ ಕಾಣುತ್ತದೆ. ‘ಕ್ಲಿಯರ್ ಐಪಿ ಒಎಸ್‌ಪಿಎಫ್ ಪ್ರಾಸೆಸ್’ ಕೊಡುವವರೆಗೆ ಅಥವಾ ರೂಟರ್ ಮರುಚಾಲನೆ ಆಗುವವರೆಗೆ ಹೊಸ ಐಡಿ ಜಾರಿಗೆ ಬರುವುದಿಲ್ಲ.

ಕಾಸ್ಟ್ ವಿಚಾರ. ರೆಫರೆನ್ಸ್ ಬ್ಯಾಂಡ್‌ವಿಡ್ತ್ 100 ಎಂಬಿಪಿಎಸ್ ಆದ್ದರಿಂದ ಫಾಸ್ಟ್ ಇಥರ್ನೆಟ್‌ಗೂ 1, ಗಿಗಾಬಿಟ್‌ಗೂ 1. ಹತ್ತು ಪಟ್ಟು ವೇಗದ ದಾರಿ ಒಎಸ್‌ಪಿಎಫ್ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ರೆಫರೆನ್ಸನ್ನು 10000 ಮಾಡಿದರೆ ಗಿಗಾಗೆ 10, ಫಾಸ್ಟ್‌ಗೆ 100. ಇದನ್ನು ಎಲ್ಲ ರೂಟರ್‌ಗಳಲ್ಲೂ ಮಾಡಬೇಕು.

ಸೇವೆ, ಭದ್ರತೆ, ಉಳಿದದ್ದು

ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಬೇರೆ ನೆಟ್‌ವರ್ಕ್‌ನಲ್ಲಿದ್ದರೆ ‘ಐಪಿ ಹೆಲ್ಪರ್ ಅಡ್ರೆಸ್’ ಹಾಕಬೇಕಾದದ್ದು ಪಿಸಿಗಳ ಕಡೆಯ ಪೋರ್ಟ್‌ನಲ್ಲಿ. ಸರ್ವರ್ ಕಡೆ ಹಾಕಿದರೆ ಪಿಸಿಗೆ ತಾನೇ ಕೊಟ್ಟುಕೊಂಡ 169.254ರ ವಿಳಾಸವೇ ಗತಿ. ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ನ್ಯಾಟ್‌ನಲ್ಲಿ ಮರೆತುಹೋಗುವುದು ‘ಐಪಿ ನ್ಯಾಟ್ ಇನ್‌ಸೈಡ್’, ‘ಐಪಿ ನ್ಯಾಟ್ ಔಟ್‌ಸೈಡ್’ ಎಂಬ ಎರಡು ಸಣ್ಣ ಸಾಲು. ಪೂಲ್‌ನಲ್ಲಿ ಎರಡೇ ವಿಳಾಸ ಇಟ್ಟು ಒಂದೇ ವಿಳಾಸವನ್ನು ಹಲವರಿಗೆ ಹಂಚುವ ‘ಓವರ್‌ಲೋಡ್’ ಪದ ಬರೆಯದೆ ನೋಡಿ. ಎರಡು ಪಿಸಿ ಹೊರಹೋಗುತ್ತವೆ, ಮೂರನೆಯದು ಬಾಗಿಲಲ್ಲೇ ನಿಲ್ಲುತ್ತದೆ.

ಎಸಿಎಲ್‌ನ ಕೊನೆಯಲ್ಲಿ ಕಣ್ಣಿಗೆ ಕಾಣದ ‘ಡಿನೈ’ ಇದೆ ಅಂತ ಎಲ್ಲರಿಗೂ ಗೊತ್ತು. ಅದರ ಪರಿಣಾಮ ಎಲ್ಲಿಯವರೆಗೆ ಅನ್ನುವುದು ಗೊತ್ತಿರುವುದಿಲ್ಲ. ಎರಡು ರೂಟರ್ ನಡುವಿನ ಪೋರ್ಟ್‌ಗೆ ಒಳಬರುವ ದಿಕ್ಕಿನಲ್ಲಿ, ವೆಬ್ ಟ್ರಾಫಿಕ್‌ಗೆ ಮಾತ್ರ ಅನುಮತಿ ಕೊಡುವ ಒಂದು ಸಾಲಿನ ಎಸಿಎಲ್ ಹಾಕಿ. ಸ್ವಲ್ಪ ಹೊತ್ತಿಗೆ ಒಎಸ್‌ಪಿಎಫ್ ಬಿದ್ದುಹೋಗುತ್ತದೆ, ಹೆಲೊ ಕೂಡ ಆ ‘ಡಿನೈ’ಗೆ ಸಿಕ್ಕಿತು. ಅದೇ ಎಸಿಎಲ್ ಹೊರಹೋಗುವ ದಿಕ್ಕಿನಲ್ಲಿದ್ದರೆ ಆ ರೂಟರ್‌ನದೇ ಹೆಲೊ ತಡೆಯಾಗುವುದಿಲ್ಲ. ತಾನೇ ಹುಟ್ಟಿಸಿದ ಪ್ಯಾಕೆಟ್ ಮೇಲೆ ರೂಟರ್ ತನ್ನ ಹೊರ ಎಸಿಎಲ್ ಪ್ರಯೋಗಿಸುವುದಿಲ್ಲ. ಸ್ಟ್ಯಾಂಡರ್ಡ್ ಎಸಿಎಲ್ ಗುರಿಯ ಹತ್ತಿರ, ಎಕ್ಸ್‌ಟೆಂಡೆಡ್ ಮೂಲದ ಹತ್ತಿರ.

ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಬೇಕಾದದ್ದು ಹೋಸ್ಟ್‌ನೇಮ್, ಡೊಮೇನ್ ಹೆಸರು, ಆರ್‌ಎಸ್‌ಎ ಕೀ, ಯೂಸರ್‌ನೇಮ್, ವಿಟಿವೈ (ದೂರದ ಲಾಗಿನ್‌ನ) ಲೈನ್‌ನಲ್ಲಿ ‘ಲಾಗಿನ್ ಲೋಕಲ್’ ಮತ್ತು ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’. ಕೀ 768 ಬಿಟ್‌ಗಿಂತ ಚಿಕ್ಕದಾದರೆ ಎರಡನೆಯ ಆವೃತ್ತಿ ನಡೆಯುವುದಿಲ್ಲ; 2048 ಕೊಡಿ. ಹೋಸ್ಟ್‌ನೇಮ್ ಬದಲಿಸದೆ ಕೀ ಮಾಡಲು ಹೋದರೆ ರೂಟರ್ ಒಪ್ಪದು.

ವೈರ್‌ಲೆಸ್‌ನಲ್ಲಿ 2.4 ಗಿಗಾಹರ್ಟ್ಸ್‌ಗೆ 1, 6, 11 ಚಾನೆಲ್; ಡಬ್ಲ್ಯುಪಿಎ2ಗೆ ಎಇಎಸ್, ಡಬ್ಲ್ಯುಪಿಎ3 ಪರ್ಸನಲ್‌ಗೆ ಎಸ್‌ಎಇ; ಆಕ್ಸೆಸ್ ಪಾಯಿಂಟ್ ಮತ್ತು ಕಂಟ್ರೋಲರ್ ಮಾತಾಡುವ ಕ್ಯಾಪ್‌ವ್ಯಾಪ್ ಪ್ರೋಟೋಕಾಲ್‌ಗೆ ಪೋರ್ಟ್ 5246, 5247. ಕಂಟ್ರೋಲರ್‌ನ ವೆಬ್ ಪುಟದಲ್ಲಿ ಡಬ್ಲ್ಯುಲ್ಯಾನ್ ಒಂದನ್ನು ಮಾಡಿ ನೋಡಿದರೆ ಸಾಕು. ಆಟೊಮೇಶನ್‌ಗೆ ಪ್ರೋಗ್ರಾಮಿಂಗ್ ಬೇಕಿಲ್ಲ. ದತ್ತಾಂಶ ಬರೆಯುವ ರೂಪವಾದ ಜೇಸನ್‌ನಲ್ಲಿ ಹೂವಿನ ಆವರಣ ಆಬ್ಜೆಕ್ಟ್, ಚೌಕ ಆವರಣ ಪಟ್ಟಿ, ಕೊನೆಯ ಅಂಶ ಮುಗಿದ ಮೇಲೆ ಅಲ್ಪವಿರಾಮ ಇರಬಾರದು. ವೆಬ್ ಮೂಲಕ ಕಳಿಸುವ ಎಚ್‌ಟಿಟಿಪಿ ಕೋರಿಕೆಗಳಲ್ಲಿ ಪೋಸ್ಟ್ ಸೃಷ್ಟಿಸಲು, ಗೆಟ್ ಓದಲು, ಪುಟ್ ಮತ್ತು ಪ್ಯಾಚ್ ತಿದ್ದಲು, ಡಿಲೀಟ್ ಅಳಿಸಲು. ಉತ್ತರವಾಗಿ ಬರುವ 401 ಅಂದರೆ ಗುರುತು ಸಾಬೀತಾಗಿಲ್ಲ, 403 ಅಂದರೆ ಗುರುತಿದ್ದರೂ ಅನುಮತಿಯಿಲ್ಲ. ಎರಡು ವಾರಾಂತ್ಯದ ಕೆಲಸ. ಅಂಕ ಸುಲಭವಾಗಿ ಬರುವ ಜಾಗವನ್ನು ಬೇಸರದಿಂದ ಬಿಟ್ಟುಕೊಡುತ್ತಾರೆ.

ಡಂಪ್ ವಿಚಾರ ಕೇಳಿಯೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇವೆ. ಕದ್ದ ಪ್ರಶ್ನೆಗಳನ್ನು ಓದಿ ಬರೆದದ್ದು ಗೊತ್ತಾದರೆ ಸಿಸ್ಕೊ ಸರ್ಟಿಫಿಕೇಟ್ ರದ್ದುಮಾಡಬಹುದು, ಮತ್ತೆ ಬರೆಯದಂತೆ ತಡೆಯಬಹುದು. ಅದು ಹಾಗಿರಲಿ, ಆ ಫೈಲ್‌ಗಳಲ್ಲಿ ಉತ್ತರಗಳೇ ತಪ್ಪಿರುತ್ತವೆ. ಇಂಟರ್‌ವ್ಯೂನಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ, ಈ ಪಿಂಗ್ ಯಾಕೆ ಹೋಗುತ್ತಿಲ್ಲ ಅಂತ ಕೇಳುವವರಿಗೆ ಡಂಪ್ ಓದಿದವರನ್ನು ಗುರುತಿಸಲು ಎರಡು ನಿಮಿಷ ಸಾಕು.

ಕೊನೆಯ ವಾರಗಳು, ಪರೀಕ್ಷೆಯ ದಿನ

ದಿನಕ್ಕೆ ಎರಡು ಗಂಟೆ ಕೊಡುವವರಿಗೆ ನಾಲ್ಕು ತಿಂಗಳು ಹಿಡಿಯುತ್ತದೆ. ಓದಿಗೆ ಅರ್ಧ, ಲ್ಯಾಬ್‌ಗೆ ಅರ್ಧ. ಕೊನೆಯ ಮೂರು ವಾರ ಹೊಸ ವಿಷಯ ಬೇಡ; ಅಣಕು ಪರೀಕ್ಷೆ ಬರೆಯಿರಿ, ತಪ್ಪಿದ ಪ್ರಶ್ನೆಗೆ ಸರಿ ಉತ್ತರ ಯಾಕೆ ಸರಿ ಅನ್ನುವುದಕ್ಕಿಂತ ಉಳಿದ ಮೂರು ಯಾಕೆ ತಪ್ಪು ಅಂತ ಬರೆಯಿರಿ. ತಪ್ಪು ಆಯ್ಕೆಗಳೆಲ್ಲ ಬೇರೆ ಯಾವುದೋ ಪ್ರಶ್ನೆಯ ಸರಿ ಉತ್ತರಗಳು.

ಬುಕಿಂಗ್, ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯ ಮೂಲಕ. ನಮ್ಮ ಕಡೆಯವರು ಇಲ್ಲಿ ಎಡವುವುದು ಹೆಸರಿನಲ್ಲಿ: ಮಾರ್ಕ್ಸ್‌ಕಾರ್ಡ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಊರಿನ ಹೆಸರೂ ಸೇರಿದೆ. ಖಾತೆಯಲ್ಲಿರುವ ಹೆಸರು ನೀವು ತೋರಿಸುವ ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಹಣವೂ ಹೋಗಬಹುದು. ಯಾವ ಚೀಟಿ ನಡೆಯುತ್ತದೆ ಎಂದು ದೃಢೀಕರಣದ ಇಮೇಲ್‌ನಲ್ಲಿ ಓದಿ, ಹೆಸರು ತಿದ್ದಿಸುವುದಿದ್ದರೆ ವಾರಗಳ ಮುಂಚೆಯೇ ಮುಗಿಸಿ. ಮನೆಯಿಂದಲೂ ಬರೆಯಬಹುದು, ಆದರೆ ಕಾಗದ ಪೆನ್ನು ಇಟ್ಟುಕೊಳ್ಳುವಂತಿಲ್ಲ, ಪರದೆಯ ಮೇಲಿನ ವೈಟ್‌ಬೋರ್ಡೇ ಗತಿ. ಕರೆಂಟ್, ಇಂಟರ್ನೆಟ್ ಎರಡನ್ನೂ ನಂಬಬೇಕು. ನಮ್ಮ ಸಲಹೆ ಕೇಂದ್ರಕ್ಕೆ ಹೋಗಿ ಅಂತಲೇ.

ಲ್ಯಾಬ್ ಪ್ರಶ್ನೆ ಬಂದರೆ ಮೊದಲು ಪೂರ್ತಿ ಓದಿ, ಈಗಾಗಲೇ ಏನಿದೆ ಅಂತ ‘ಶೋ ರನ್’ನಲ್ಲಿ ನೋಡಿ, ಕೇಳಿದ್ದಷ್ಟನ್ನೇ ಮಾಡಿ, ಶೋ ಕಮಾಂಡ್‌ನಲ್ಲಿ ಪರಿಶೀಲಿಸಿ, ಸೇವ್ ಮಾಡಲು ಹೇಳಿದ್ದರೆ ಸೇವ್ ಮಾಡಿ ಮುಂದೆ ಹೋಗಿ. ಒಂದಕ್ಕೆ ಹತ್ತು ನಿಮಿಷ ದಾಟಿದರೆ ಆದಷ್ಟಕ್ಕೆ ಬಿಡಿ. ಗೊತ್ತಿಲ್ಲದ ಬಹು ಆಯ್ಕೆಗೂ ಒಂದನ್ನು ಆರಿಸಿಯೇ ಮುಂದೆ ಹೋಗಿ. ಖಾಲಿ ಬಿಟ್ಟರೆ ಅಂಕ ಬರುವ ದಾರಿಯೇ ಇಲ್ಲ.

ಸಭೆಯಿಂದ ಬಂದ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ತೊಡಕಾಗುವುದಿಲ್ಲವೇ ಸರ್?

ಪರೀಕ್ಷೆ ಇಂಗ್ಲಿಷ್‌ನಲ್ಲೇ. ತೊಡಕಾಗುವುದು ತಾಂತ್ರಿಕ ಪದಗಳಲ್ಲ, ಅವು ಲ್ಯಾಬ್ ಮಾಡುತ್ತ ಬಾಯಿಗೆ ಬಂದುಬಿಡುತ್ತವೆ. ತೊಡಕು ಪ್ರಶ್ನೆಯ ಸುತ್ತಿನ ಮಾತು: ‘ಎರಡನ್ನು ಆರಿಸಿ’, ‘ಮೊದಲು ಮಾಡಬೇಕಾದದ್ದು’, ‘ಕನಿಷ್ಠ ಬದಲಾವಣೆಯಲ್ಲಿ’ ಅನ್ನುವಂಥವು. ಉದ್ದದ ಪ್ರಶ್ನೆಯ ಕೊನೆಯ ವಾಕ್ಯ ಮೊದಲು ಓದಿ, ಆಮೇಲೆ ಚಿತ್ರ, ಆಮೇಲೆ ಉಳಿದದ್ದು. ಓದುವಾಗ ಕನ್ನಡದಲ್ಲೇ ಚರ್ಚಿಸಿ, ಅರ್ಥವಾಗಬೇಕಾದದ್ದು ಮುಖ್ಯ; ಅಣಕು ಪರೀಕ್ಷೆ ಮಾತ್ರ ಇಂಗ್ಲಿಷ್‌ನಲ್ಲೇ ಬರೆಯಿರಿ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹಳೆ ಸ್ವಿಚ್ ಕೊಂಡು ಕಲಿಯುವುದು ಒಳ್ಳೆಯದೇ?

ಅಗತ್ಯವಿಲ್ಲ. ಕೈಗೆ ಸಿಕ್ಕರೆ ಕನ್ಸೋಲ್ ಕೇಬಲ್ ಹಾಕಿ 9600 ಬಾಡ್‌ನಲ್ಲಿ ಒಳಹೋಗುವುದು, ಹಳೆಯ ಪಾಸ್‌ವರ್ಡ್ ತೆಗೆಯುವುದು, ಬೂಟ್ ಆಗುವುದನ್ನು ನೋಡುವುದು ಕಲಿಯಬಹುದು. ಅದು ಕೆಲಸಕ್ಕೆ ಉಪಯೋಗ, ಪರೀಕ್ಷೆಗೆ ಅಷ್ಟೇನಲ್ಲ. ಒಂದು ಸ್ವಿಚ್‌ನಲ್ಲಿ ಟ್ರಂಕ್ ಕೂಡ ಅಭ್ಯಾಸ ಮಾಡಲಾಗದು, ಮತ್ತೆ ಪ್ಯಾಕೆಟ್ ಟ್ರೇಸರ್‌ಗೇ ಬರಬೇಕು.

ಸರ್ಟಿಫಿಕೇಟ್ ಎಷ್ಟು ವರ್ಷ ನಡೆಯುತ್ತದೆ?

ಮೂರು ವರ್ಷ. ಅಷ್ಟರೊಳಗೆ ಮತ್ತೆ ಬರೆಯಬೇಕು, ಅಥವಾ ಮೇಲಿನ ಹಂತದ ಪರೀಕ್ಷೆ ಪಾಸಾಗಬೇಕು, ಅಥವಾ ಸಿಸ್ಕೊದ ಮುಂದುವರಿಕೆ ಶಿಕ್ಷಣದಲ್ಲಿ 30 ಕ್ರೆಡಿಟ್ ಗಳಿಸಬೇಕು.

ಫೇಲ್ ಆದರೆ?

ಮಾರನೆಯ ದಿನದಿಂದ ಎಣಿಸಿ ಐದು ದಿನ ಕಾಯಬೇಕು, ಶುಲ್ಕ ಮತ್ತೆ ಪೂರ್ತಿ ಕಟ್ಟಬೇಕು. ಐದು ದಿನ ಕಳೆದ ಕೂಡಲೇ ಬುಕ್ ಮಾಡಬೇಡಿ. ಫಲಿತಾಂಶದ ಹಾಳೆಯಲ್ಲಿ ಭಾಗವಾರು ಶೇಕಡಾ ಇರುತ್ತದೆ. ರೂಟಿಂಗ್‌ನಲ್ಲಿ ಕಡಿಮೆ ಬಂದಿದ್ದರೆ ಮತ್ತೆ ಪುಸ್ತಕ ಮೊದಲಿನಿಂದ ಓದುವುದಲ್ಲ. ಎರಡು ರೂಟರ್ ಇಡಿ, ಒಎಸ್‌ಪಿಎಫ್ ಎಬ್ಬಿಸಿ, ಸ್ನೇಹಿತರೊಬ್ಬರ ಕೈಗೆ ಕೀಬೋರ್ಡ್ ಕೊಟ್ಟು ನೀವು ಹೊರಗೆ ಹೋಗಿ. ಅವರು ಒಂದು ಕಡೆ ಕೆಡಿಸಲಿ, ನೀವು ಒಳಬಂದು ‘ಶೋ ರನ್’ ಮುಟ್ಟದೆ ಬೇರೆ ಶೋ ಕಮಾಂಡ್‌ಗಳಿಂದಲೇ ಹುಡುಕಿ. ಹತ್ತು ಬಗೆಯ ಕೆಡುಕನ್ನು ತಲಾ ಐದು ನಿಮಿಷದೊಳಗೆ ಹಿಡಿಯುವ ಹಂತಕ್ಕೆ ಬಂದ ಮೇಲೆ ತಾರೀಕು ಗೊತ್ತುಮಾಡಿ.